ಹೊಳೆದದ್ದೇ ಗಟ್ಟಿ ಎಂದುಕೊಂಡಿದ್ದೆ

ಹರಿಹರದ ಆ ಕಬ್ಬಿಣದ ಶೆಡ್ಡಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಹಾಗಾಗಿ ಕುಲುಮೆಯ ಉಸ್ತುವಾರಿ ನನಗೆ ಸಿಕ್ಕಿತು. ಉಕ್ಕಿನ ಬಗ್ಗೆ ನನಗೇನು ಗೊತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವ ಪಿನ್ನು ನಮ್ಮ ಮಾಲು. ಸುತ್ತಿಗೆಯಲ್ಲಿ ಬಡಿಯುವವನು ಆನೆಕೊಂಡದವ, ಸಹಿ ಹಾಕಲು ಬಾರದವ. ಬಡಿದದ್ದನ್ನು ಕಾಸಿ ತಣಿಸುವುದು ನನ್ನ ಕೆಲಸ. ಪ್ರತಿ ಸಲವೂ ಒಂದು ಪಿನ್ನು ಮುರಿದು, ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡುವುದು ಅವನ ಪದ್ಧತಿ. ಒಳಗಿನ ಹರಳು ಹಿಟ್ಟಿನಂತೆ ನುಣ್ಣಗಿದ್ದರೆ ಮಾತ್ರ ಮಾಲು ಹೋಗಬಹುದು ಎನ್ನುತ್ತಿದ್ದ.

ಒಂದು ದಿನ ನಾನು ಮಿರ್ಚಿ ತಿನ್ನುತ್ತಾ, ದೇಶ ಆಳುವುದು ಹೇಗೆಂದು ವಿವರಿಸುತ್ತಾ, ಪಿನ್ನುಗಳನ್ನು ಕುಲುಮೆಯಲ್ಲೇ ಮರೆತೆ. ಆಮೇಲೆ ಅವನು ಒಂದನ್ನು ಮುರಿದ. ಒಳಗೆ ಸಕ್ಕರೆಯಂತೆ ಮಿಣಮಿಣ.

"ಕಾವು ಹೆಚ್ಚಾಗಿ ಹರಳು ದಪ್ಪ ಆಗೈತ್ರಿ ಅಣ್ಣಾರೆ. ಇದು ಬಗ್ಗಲ್ಲ, ಒಂದೇ ಸಲ ಮುರೀತೈತೆ. ಕಳಿಸಬ್ಯಾಡ್ರಿ."

ಹೊಳೆಯುವುದು ಅಪ್ಪಟ ಉಕ್ಕಿನ ಲಕ್ಷಣವೆಂದು ಅವನಿಗೆ ಪಾಠ ಹೇಳಿ ಕಳಿಸಿಯೇಬಿಟ್ಟೆ. ಎಲ್ಲಿ ಓದಿದ್ದೆ ಎಂದರೆ, ಎಲ್ಲೂ ಇಲ್ಲ.

ವಾರದೊಳಗೆ ಭಾನುವಳ್ಳಿಯ ರೈತನೊಬ್ಬ ಪಿನ್ನಿನ ಎರಡು ತುಂಡುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದ. ಭತ್ತದ ಟ್ರೇಲರ್ ಕಾಲುವೆಗೆ ಉರುಳಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಯಾರ ತಪ್ಪೆಂದು ಮಾಲೀಕರು ಕೇಳಿದರು. ಸುತ್ತಿಗೆಯ ಏಟು ಅಡ್ಡಾದಿಡ್ಡಿ ಬಿದ್ದಿರಬೇಕು ಎಂದೆ. ಓದಿದವನ ಮಾತಲ್ಲವೇ? ಆವತ್ತೇ ಆನೆಕೊಂಡದವನ ಕೆಲಸ ಹೋಯಿತು. ನನಗೆ ಫ್ಯಾನಿನ ಕೆಳಗೆ ಕುರ್ಚಿ ಬಂತು.

ಅದರಲ್ಲಿ ನಿವೃತ್ತಿಯವರೆಗೂ ಕೂತೆ. ಕಳೆದ ತಿಂಗಳು ಆನೆಕೊಂಡಕ್ಕೆ ಹೋದೆ. ಈಗ ಅವನದು ಮಂಡಕ್ಕಿ ಭಟ್ಟಿ. ತಪ್ಪು ನನ್ನದೆಂದು ತಡವರಿಸುತ್ತಾ ಹೇಳಿದೆ. ಅವನು ನನ್ನ ಒಂದು ಅಂಗೈಗೆ ಅಕ್ಕಿ, ಇನ್ನೊಂದಕ್ಕೆ ಮಂಡಕ್ಕಿ ಹಾಕಿ ಹಿಚುಕಲು ಹೇಳಿದ. ಮಂಡಕ್ಕಿ ಪುಡಿಯಾಯಿತು.

"ಕಾವು ಕೊಟ್ರೆ ಉಬ್ಬತೈತೆ, ಗಟ್ಟಿ ಇರಲ್ಲ. ಇದನ್ನ ತಿಳಿಯಾಕೆ ಹೈಸ್ಕೂಲು ಯಾಕ್ರಿ?"

ಆಮೇಲೆ ದನಿ ತಗ್ಗಿಸಿದ. "ನನಗೆ ಆವತ್ತೇ ಗೊತ್ತಿತ್ತು ಬಿಡ್ರಿ. ಇವಳಿಗೆ ಹೇಳ್ರಿ. ನನ್ನ ಕೈ ಕೆಟ್ಟಿತ್ತು ಅಂತಾನೇ ಇವತ್ತಿಗೂ ತಿಳಕಂಡಾಳೆ."

ಅವನ ಹೆಂಡತಿ ಅಲ್ಲೇ ಚೀಲದ ಬಾಯಿ ಹೊಲಿಯುತ್ತಿದ್ದರು. ದೇಶ ಆಳುವುದನ್ನು ವಿವರಿಸುತ್ತಿದ್ದ ನಾನು ಅವರ ಮುಂದೆ ಹೋಗಿ ನಿಂತೆ.

"ಅಮ್ಮಾ, ಆ ಪಿನ್ನು ಕೆಡಿಸಿದವನು ನಾನು."

ಅವರು ದಬ್ಬಣ ನಿಲ್ಲಿಸಿದರು. ನನ್ನ ಕಡೆ ತಿರುಗಲಿಲ್ಲ. ಗಂಡನ ಕೈಗಳನ್ನೇ ಬಹಳ ಹೊತ್ತು ನೋಡುತ್ತಿದ್ದರು. ನನಗೆ ಯಾರೂ ಕೂರಲು ಹೇಳಲಿಲ್ಲ.