ಚಾರ್ಜು ಹೋದ ಕಾರಿನ ಮುಂದಿನ ಸೀಟು

ಚಿಕ್ಕಮ್ಮನ ಮೊಮ್ಮಗಳ ಸೀಮಂತಕ್ಕೆ ಗುಂಡ್ಲುಪೇಟೆಗೆ ಹೊರಟ ಬೆಳಿಗ್ಗೆ ನಮ್ಮ ಕಾರು ಬಾಗಿಲನ್ನೇ ತೆರೆಯಲಿಲ್ಲ. ರಿಮೋಟ್ ಒತ್ತಿದರೆ ಎರಡು ಸಲ ಕಣ್ಣು ಮಿಟುಕಿಸಿ ಟಕ್ಕನೆ ತೆರೆದುಕೊಳ್ಳುತ್ತಿದ್ದ ಕಾರು, ಅವತ್ತು ಎಷ್ಟು ಒತ್ತಿದರೂ ಬಂಡೆಯ ಹಾಗೆ ಸುಮ್ಮನೆ ನಿಂತಿತ್ತು. ಎಲೆಕ್ಟ್ರಿಕ್ ಕಾರು ತಗೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹಿಂದಿನ ದಿನವೇ ಪೂರ್ತಿ ಚಾರ್ಜು ಮಾಡಿ ವೈರು ಸುತ್ತಿಟ್ಟಿದ್ದೆ.

ಮನೆಯಲ್ಲಿ ಇದ್ದದ್ದು ನಾನು ಮತ್ತು ಅವ್ವ. ನಾನು ಚಾಮರಾಜನಗರದಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಗಂಡ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೆಲವು ತಿಂಗಳು ಗುಂಡ್ಲುಪೇಟೆಯ ಅಣ್ಣನ ಮನೆಯಲ್ಲಿ, ಕೆಲವು ತಿಂಗಳು ನನ್ನ ಹತ್ತಿರ ಇರುತ್ತಾಳೆ. ಅವತ್ತು ಅವಳು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದಳು.

"ಬಸ್ಸಿಗೇ ಓಗ್ಬುಡನ ಕಣಮ್ಮಿ. ಒತ್ತಾಯ್ತದ," ಅಂದಳು.

"ಬಸ್ಸಿಗೆ ಹೋಗನ ಸರಿ. ಕಜ್ಜಾಯದ ಡಬ್ಬ, ಸೀರೆ, ಬಳೆ ಎಲ್ಲಾ ಡಿಕ್ಕಿಲವಲ್ಲವ್ವ!"

ರಾತ್ರಿ ಇರುವೆ ಕಾಟ ಅಂತ ಸಂಜೆಯೇ ಎಲ್ಲವನ್ನೂ ಕಾರಿಗೆ ತುಂಬಿದ್ದೆವು. ಡಿಕ್ಕಿಯ ಬೀಗವೂ ಕರೆಂಟಿನದೇ. ಗಂಡನಿಗೆ ಫೋನು ಮಾಡಿದೆ. ಮೆಶಿನ್ನಿನ ಸದ್ದಿನ ನಡುವೆ ಅವರು ಕೂಗಿ ಹೇಳಿದರು: "ಓಡಿಸೋ ದೊಡ್ಡ ಬ್ಯಾಟರಿ ಬೇರೆ ಕಣೆ. ಬಾಗಿಲಿಗೆ, ಲೈಟಿಗೆ ಅಂತ ಸಣ್ಣ ಬ್ಯಾಟರಿ ಒಂದಿದೆ, ಅದು ಸತ್ತಿರಬೇಕು. ರಿಮೋಟಿನ ಬೆನ್ನಲ್ಲಿ ಒಂದು ಗುಂಡಿ ಇದೆ ನೋಡು, ಅದನ್ನ ಒತ್ತಿ ಎಳಿ. ಒಳಗೆ ಕಬ್ಬಿಣದ ಕೀ ಇರುತ್ತೆ."

ಅಷ್ಟು ದಿನ ಕೈಯಲ್ಲಿ ಹಿಡಿದು ಓಡಾಡಿದ ರಿಮೋಟಿನ ಹೊಟ್ಟೆಯಲ್ಲಿ ಕೀ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅದನ್ನು ಹಾಕುವ ತೂತು ಡ್ರೈವರ್ ಬಾಗಿಲ ಹಿಡಿಕೆಯ ಹತ್ತಿರ ಒಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿತ್ತು. ಉಗುರಿನಿಂದ ಮೀಟಿದರೆ ಬರಲಿಲ್ಲ. ಅವ್ವ ತುರುಬಿನಿಂದ ಪಿನ್ನು ಕಿತ್ತು ಕೊಟ್ಟಳು. ಮುಚ್ಚಳ ಹಾರಿತು, ಕೀ ತಿರುಗಿತು, ಬಾಗಿಲು ತೆರೆಯಿತು.

ಒಳಗೆ ನೋಡಿದರೆ ಹಿಂದಿನ ಸೀಟಿನ ಮೇಲಿನ ದೀಪದ ಗುಂಡಿ ಒತ್ತಿದಂತೆಯೇ ಇತ್ತು.

"ಅಯ್ಯೋ, ನಾನೇ ಕಣಮ್ಮಿ!" ಅವ್ವ ಗಲ್ಲಕ್ಕೆ ಕೈ ಇಟ್ಟಳು. "ರವಕೆ ಕಣ ಜೋಡುಸ್ತಾ ಕತ್ಲಾಯ್ತು ಅಂತ ಒತ್ತಿದ್ದೆ. ಆರ್ಸೋದ ಮರ್ತ್ಬುಟ್ಟೆ."

"ಹೋಗ್ಲಿ ಬುಡವ್ವ," ಅಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸೀಟನ್ನು ಮಡಿಸಿ, ಅದರ ಮೇಲೆ ಮಂಡಿಯೂರಿ ಡಿಕ್ಕಿಯೊಳಕ್ಕೆ ತೂರಿದೆ. ಐವತ್ತರ ಹತ್ತಿರದ ಹೆಂಗಸು, ಜರಿ ಸೀರೆಯಲ್ಲಿ. ಒಂದೊಂದೇ ಡಬ್ಬ ಈಚೆಗೆ ಎಳೆಯುವಾಗ ಹಿಂದಿನಿಂದ ಅವ್ವ ನಗುವುದು ಕೇಳಿಸಿತು.

"ಚಿಕ್ಕೋಳಾಗಿದ್ದಾಗ್ಲೂ ನೀನು ಇಂಗೇಯಾ. ನಿಮ್ಮಪ್ಪನ ವ್ಯಾನಿಗೆ ಯಾವತ್ತು ಬಾಗ್ಲಲ್ಲಿ ಹತ್ತಿದ್ದೆ?"

ನಿಜ. ಅಪ್ಪ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಅದರ ಪಕ್ಕದ ಬಾಗಿಲು ಸಿಕ್ಕಿಕೊಂಡರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಗ ನನ್ನನ್ನು ಹಿಂದಿನ ಕಿಟಕಿಯಿಂದ ಒಳಕ್ಕೆ ಬಿಡುತ್ತಿದ್ದರು. ನಾನು ವೀಳ್ಯದೆಲೆ ಪಿಂಡಿ, ಸಣ್ಣೀರುಳ್ಳಿ ಮೂಟೆಗಳ ಮೇಲೆ ತೆವಳಿಕೊಂಡು ಬಂದು ಒಳಗಿನಿಂದ ಚಿಲಕ ಒದೆಯುತ್ತಿದ್ದೆ. ಬಾಗಿಲು ತೆರೆದಾಗ ಕಾಯುತ್ತಿದ್ದವರೆಲ್ಲ "ಸಭಾಸ್" ಅನ್ನುತ್ತಿದ್ದರು. ಬ್ಯಾಟರಿಯ ಕಥೆ ಇನ್ನೊಂದು. ಅಪ್ಪ ಸಂಜೆ ವ್ಯಾನನ್ನು ಬೀದಿಯ ಇಳಿಜಾರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಬೆಳಿಗ್ಗೆ ಕಲ್ಲು ತೆಗೆದು ಎಲ್ಲರೂ ತಳ್ಳಬೇಕು. ಪಂಚೆ ಎತ್ತಿ ಕಟ್ಟಿದ ಯಜಮಾನರು, ಕಾಲೇಜು ಹುಡುಗರು, ಸೆರಗು ಬಿಗಿದ ಅವ್ವ. ಅದು ಕೆಮ್ಮಿ, ಕರಿ ಹೊಗೆ ಉಗುಳಿ, ಗಡಗಡ ಅಂತ ಜೀವ ತಳೆಯುವಾಗ ಬರುತ್ತಿದ್ದ ಡೀಸೆಲ್ಲಿನ ವಾಸನೆ ನನಗೆ ಈಗಲೂ ಇಷ್ಟ.

"ಒಂದ್ಸಲ ತಳ್ಳಿ ನೋಡನ್ವಾ?" ಅವ್ವ ಕೇಳಿದಳು.

"ಇದು ತಳ್ಳುದ್ರೆ ಸ್ಟಾರ್ಟ್ ಆಗಲ್ಲ ಕಣವ್ವ."

"ಮತ್ತೆ ಇನ್ಯಾತರ ಕಾರು!"

ಅಷ್ಟರಲ್ಲಿ ಎದುರು ಮನೆಯ ಅರಿಸಿನ ವ್ಯಾಪಾರದವರು ಬೈಕಿನಲ್ಲಿ ಬಂದರು. ವಿಷಯ ಕೇಳಿ, "ಬಸ್ಸಿಗ್ಯಾಕಕ್ಕ ಓಗೀರಿ? ನಮ್ ಪಿಕಪ್ಪು ಮಂಡಿಗೆ ಓಗ್ಯದ, ಇನ್ನೇನ್ ಬತ್ತದ. ಅದ್ರ ಬ್ಯಾಟ್ರಿಗೆ ವೈರು ಕೊಟ್ರೆ ಎದ್ದೇಳ್ತದ," ಅಂದರು. ಗಂಡನೂ ಫೋನಿನಲ್ಲಿ ಹಾಗೇ ಮಾಡಬಹುದು ಅಂದರು. ಕಾಯುವುದು ಅಂತಾಯಿತು.

ಮಡಿಸಿದ ಹಿಂದಿನ ಸೀಟು ಡಬ್ಬಗಳಿಂದ ತುಂಬಿಹೋಗಿತ್ತು. ಅವ್ವನನ್ನು ಮುಂದೆ ಕೂರಿಸಿ, ಗಾಳಿಗೆ ಬಾಗಿಲು ತೆರೆದಿಟ್ಟು, ನಾನು ಪಕ್ಕದಲ್ಲಿ ಕೂತೆ. ಪರದೆಯೂ ಇಲ್ಲ, ಫ್ಯಾನೂ ಇಲ್ಲ. ಅವ್ವ ಎದುರಿನ ಗಾಜನ್ನು ನೋಡುತ್ತ ಕೂತಳು. ಆಮೇಲೆ ತಾನಾಗಿಯೇ ಶುರು ಮಾಡಿದಳು.

"ನಿಮ್ಮಪ್ಪನ ವ್ಯಾನಲ್ಲಿ ನಾನು ಮುಂದ್ಗಡೆ ಸೀಟಲ್ಲಿ ಕುಂತಿದ್ದು ಒಂದೇ ದಪ ಕಣಮ್ಮಿ."

ಆ ಸೀಟು ಮೇಷ್ಟ್ರಿಗೆ, ಆಫೀಸಿನವರಿಗೆ, ಬಸುರಿಯರಿಗೆ ಮೀಸಲು ಅಂತ ನನಗೂ ಗೊತ್ತಿತ್ತು. ಡ್ರೈವರನ ಹೆಂಡತಿಗೆ ಹಿಂದೆ, ಮೂಟೆಗಳ ನಡುವೆ ಜಾಗ.

"ಮದ್ವೆಯಾಗಿ ಇನ್ನೂ ವರ್ಸಾಗಿರ್ಲಿಲ್ಲ. ತೆರಕಣಾಂಬಿಯಿಂದ ಅಮ್ಮನ ಮನೆ ಮುಗಿಸ್ಕಂಡು ಬತ್ತಿದ್ದೋ. ದಾರೀಲಿ ವ್ಯಾನು ನಿಂತೋಯ್ತು. ಎಲ್ರೂ ತಳ್ಳಿ ತಳ್ಳಿ ಸಾಕಾಗಿ, ಹಿಂದ್ಲಿಂದ ಬಂದ ಬಸ್ಸ ಹತ್ಕಂಡು ಹೊಂಟೋದ್ರು. ಉಳ್ದೋರು ನಾವಿಬ್ರೇ. ನಿಮ್ಮಪ್ಪ ಬಾಗ್ಲ ತಗ್ದು, ಮುಂದ್ಕ ಬಾ, ಇವತ್ತು ಸೀಟು ಖಾಲಿ ಅದ ಅಂದ."

"ಆಮೇಲೆ?"

"ಆಮೇಲೇನು? ಕುಂತ್ಕಂಡೆ. ಯಾರೋ ಬಾಳೆಗೊನೆ ಬುಟ್ಟೋಗಿದ್ರು. ಅದ್ರಲ್ಲಿ ಎರಡು ಹಣ್ಣ ಕಿತ್ಕೊಟ್ಟ. ನಾಳೆ ಅವ್ರಿಗೆ ಯೋಳ್ತೀನಿ ಬುಡು ಅಂದ." ಅವ್ವ ನಕ್ಕಳು. "ಮನೇಲಿ ಅತ್ತೆ, ಮಾವ, ಮೈದುನ್ರು, ನಾದ್ನೀರು. ಹಗ್ಲೊತ್ತಲ್ಲಿ ಗಂಡನ ತಾವು ನಿಂತು ಮಾತಾಡುವಂಗಿರ್ಲಿಲ್ಲ. ಅವತ್ತು ಕೇರಳಕ್ಕೆ ಓಗೋ ಒಂದು ಲಾರಿ ಬಂದು ಹಗ್ಗ ಕಟ್ಟಿ ಎಳೀವರ್ಗೂ ಕುಂತೇ ಇದ್ದೋ. ಆ ಲಾರಿ ಇನ್ನೂ ತಡ್ವಾಗ್ಲಿ ಸಿವ್ನೇ ಅಂತ ನಾನು ಒಳಗೊಳ್ಗೇ ಬೇಡ್ಕತಿದ್ದೆ ಕಣಮ್ಮಿ."

ನಾನು ಅಪ್ಪನನ್ನು ನೆನೆಸಿಕೊಂಡಾಗಲೆಲ್ಲ ಕಾಣುತ್ತಿದ್ದದ್ದು ಗ್ರೀಸು ಮೆತ್ತಿದ ಕೈ, ಮುಂಗೋಪ, ಬ್ಯಾಟರಿಯನ್ನು ಬೈಯುವ ಬಾಯಿ. ಬಾಳೆಹಣ್ಣು ಕಿತ್ತುಕೊಟ್ಟ ಆ ಹೊಸ ಮದುಮಗನನ್ನು ನಾನು ಕಂಡಿರಲಿಲ್ಲ.

ಪಿಕಪ್ಪು ಬಂತು. ನಮ್ಮ ಕಾರಿನ ಬಾನೆಟ್ ಎತ್ತಿ, ಸಣ್ಣ ಬ್ಯಾಟರಿಗೆ ಎದುರು ಮನೆಯವರು ವೈರು ಸಿಕ್ಕಿಸುವಾಗ ಅವ್ವ ಕೂತಲ್ಲಿಂದಲೇ, "ಕಿಡಿ ಹಾರ್ತದ ಕಣಪ್ಪ, ಮಖ ಆಚ್ಗೆ ತಿರುಗ್ಸು," ಅಂತ ಕೂಗಿದಳು. ನಾನು ಗುಂಡಿ ಒತ್ತಿದೆ. ಪರದೆ ಬೆಳಗಿತು, ಡಿಕ್ಕಿ ಟಕ್ ಅಂತು. ಕಾರು ಒಂದು ಚೂರೂ ಸದ್ದಿಲ್ಲದೆ ಹೊರಡಲು ತಯಾರಾಗಿತ್ತು.

ತೆರಕಣಾಂಬಿ ದಾಟಿದ ಮೇಲೆ, ಚೆಂಡು ಹೂವಿನ ಹೊಲಗಳ ಪಕ್ಕದಲ್ಲಿ, ನಿಧಾನಕ್ಕೆ ಹೋಗು ಅಂದಳು ಅವ್ವ. "ವ್ಯಾನು ನಿಂತಿದ್ದು ಇಲ್ಲೇ ಕಣಮ್ಮಿ, ಆ ಮರದ ತಾವು." ನಿಲ್ಲಿಸಿದೆ. "ಇಲ್ಲ ಬುಡು, ಇನ್ನೂ ಮುಂದ್ಕ." ಮತ್ತೆ ನಿಲ್ಲಿಸಿದೆ. ಅಲ್ಲಿ ಒಂದು ಬಾಳೆಕಾಯಿ ಚಿಪ್ಸಿನ ಅಂಗಡಿ ಎದ್ದಿತ್ತು, ಬೋರ್ಡಿನಲ್ಲಿ ಕನ್ನಡದ ಕೆಳಗೆ ಮಲಯಾಳಂ. ಅವ್ವ ಕಣ್ಣು ಕಿರಿದು ಮಾಡಿ ಆಚೆ ಈಚೆ ನೋಡಿದಳು. "ರೋಡು ಅಗ್ಲ ಮಾಡ್ಬುಟ್ಟವ್ರ. ಗೊತ್ತಾಗಲ್ಲ. ನಡಿ, ಒತ್ತಾಯ್ತು," ಅಂದಳು.

ಗುಂಡ್ಲುಪೇಟೆ ತಲುಪಿದಾಗ ಆರತಿ ಮುಗಿದು ಎಲೆ ಹಾಕುತ್ತಿದ್ದರು. "ಇದೇನಕ್ಕ, ಈಗ್ ಬಂದೀಯೆ?" ಅಂತ ಚಿಕ್ಕಮ್ಮ ಬಾಗಿಲಲ್ಲೇ ಮುನಿಸಿಕೊಂಡಳು. "ಕಾರು ಕೆಟ್ಟಿತ್ತು ಕಣಮ್ಮಿ," ಅಂದ ಅವ್ವ ಬೇರೇನೂ ಹೇಳದೆ, ಕಜ್ಜಾಯದ ಡಬ್ಬ ಎತ್ತಿಕೊಂಡು ಬಸುರಿಯ ಹತ್ತಿರ ಹೋದಳು.

ವಾಪಸು ಬರುವ ದಾರಿಯಲ್ಲಿ ತಡೆಯಲಾಗದೆ ಕೇಳಿದೆ. "ಅವ್ವಾ, ಅವತ್ತು ಅಷ್ಟೊತ್ತು ಅಪ್ಪ ನೀನು ಏನು ಮಾತಾಡುದ್ರಿ?"

ಅವ್ವ ಮುಡಿದ ಮಲ್ಲಿಗೆ ಸರಿಮಾಡಿಕೊಂಡಳು.

"ನೆಪ್ಪಿಲ್ಲ ಕಣಮ್ಮಿ," ಅಂದಳು. "ಈರುಳ್ಳಿ ರೇಟು ಮಾತಾಡಿರ್ಬೇಕು." ಹೇಳಿ ಅವಳಿಗೇ ನಗು ಬಂತು. ನನಗೂ ಬಂತು. ಕಾರಿಗೆ ಸದ್ದಿಲ್ಲದ ಕಾರಣ ನಮ್ಮ ನಗುವೇ ಜೋರಾಗಿ ಕೇಳಿಸುತ್ತಿತ್ತು.