ಬೇಲಿಬಾಗಿಲು ತೆರೆದಿಟ್ಟು ಕಾದ ವೈದ್ಯರು

ಪಶುವೈದ್ಯರೆಂದರೆ ರೋಗಕ್ಕೆ ಮದ್ದು ಕೊಡುವವರು ಎಂದಷ್ಟೇ ತಿಳಿದಿದ್ದ ನಮ್ಮ ಉದ್ಯಾನ ಇಲಾಖೆಗೆ, ಪ್ರಾಣಿಯ ಜೊತೆಗೆ ಅದು ಮೇಯುವ ನೆಲದ ಆರೋಗ್ಯವನ್ನೂ ನೋಡಬೇಕೆಂದು ಕಲಿಸಿದವರು ಡಾ. ವಿರುಪಾಕ್ಷಪ್ಪನವರು. ಗದುಗಿನಲ್ಲಿ ಹುಟ್ಟಿ, ಹೆಬ್ಬಾಳದಲ್ಲಿ ಓದಿ, ಕಡಲಾಚೆಯ ಈ ನಾಡಿನಲ್ಲಿ ಹದಿನೆಂಟು ವರ್ಷ ಸೇವೆ ಸಲ್ಲಿಸಿದ ಅವರು ೧೯೮೯ರ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ.

ನಾನು ಸಸ್ಯತಜ್ಞೆಯಾಗಿ ಸೇರಿದ ೧೯೮೧ರಲ್ಲಿ ಫ್ರೀವೇ ಮೇಲೆ ಕಾರು ಓಡಿಸಲು ಹೆದರುತ್ತಿದ್ದೆ. ಮೂರು ತಿಂಗಳು ಅವರೇ ನಾನಿದ್ದ ಫ್ರೀಮಾಂಟಿನಿಂದ ತಮ್ಮ ಟ್ರಕ್ಕಿನಲ್ಲಿ ನನ್ನನ್ನು ಕೆಲಸಕ್ಕೆ ಕರೆದೊಯ್ದರು. ಅವರ ಪತ್ನಿ ಈರವ್ವನವರು ಕಟ್ಟಿಕೊಡುತ್ತಿದ್ದ ರೊಟ್ಟಿಯಲ್ಲಿ ನನಗೂ ಪಾಲಿರುತ್ತಿತ್ತು.

೧೯೮೭ರ ಮಾತು. ಮಾರ್ಗನ್ ಹಿಲ್‌ನ ಪೂರ್ವದ ಬೆಟ್ಟಗಳಲ್ಲಿ, ಮುಚ್ಚಿಹೋದ ಜಾನುವಾರು ರಾಂಚೊಂದರ ಬೀಡಾಡಿ ಕುದುರೆಗಳು ಹೆಚ್ಚುತ್ತ ಮೂವತ್ತೊಂದಾಗಿದ್ದವು. ಬೇಸಗೆಯಲ್ಲಿ ಬತ್ತದ ಒಂದೇ ಒರತೆಯನ್ನು ಅವು ತುಳಿದು ಕೆಸರು ಮಾಡಿದ್ದವು. ಅಲ್ಲಿನ ಮೂಲ ಹುಲ್ಲು ಬೇರುಸಹಿತ ಹೋಗುತ್ತಿತ್ತು, ಕಪ್ಪೆಗಳು ಕಾಣೆಯಾಗಿದ್ದವು. ಕುದುರೆಗಳನ್ನು ತೆಗೆಯಬೇಕೆಂದು ನಾನೇ ವರದಿ ಬರೆದೆ. ಅಕ್ಟೋಬರ್ ಮುಗಿಯುವುದರೊಳಗೆ ಸೆರೆಹಿಡಿಯದಿದ್ದರೆ ಎಲ್ಲವನ್ನೂ ಗುಂಡಿಕ್ಕಿ ಕೊಲ್ಲುವಂತೆ ಆದೇಶ ಬಂತು.

"ಸರ್, ಹುಲ್ಲು ಉಳಿಸಿ ಅಂದೆ ಅಷ್ಟೇ. ಶೂಟ್ ಮಾಡಿ ಅನ್ನಲಿಲ್ಲ," ಎಂದು ಡಾಕ್ಟರ ಮುಂದೆ ಅತ್ತುಬಿಟ್ಟೆ.

"ನೀ ಬರದದ್ದು ಖರೇನ ಐತಿ, ತಂಗಿ. ಒಂದಕ್ಷರಾನೂ ಹಿಂದಕ್ಕ ತಗೋಬ್ಯಾಡ. ಕುದರೀ ಕೆಲಸ ನನಗ ಬಿಡು."

ಒರತೆಯ ಸುತ್ತ ವಿಶಾಲವಾದ ಬೇಲಿ ಹಾಕಿಸಿ, ಒಳಗೆ ಹುಲ್ಲಿಟ್ಟು, ಕುದುರೆಗಳಿಗೆ ರೂಢಿಯಾಗಲೆಂದು ಬಾಗಿಲನ್ನು ಹಗಲಿರುಳೂ ತೆರೆದೇ ಇರಿಸಿದರು. ಎರಡು ವಾರದಲ್ಲಿ ಇಪ್ಪತ್ತನಾಲ್ಕು ಕುದುರೆಗಳು ನಿತ್ಯವೂ ಒಳಬಂದು ಹೋಗತೊಡಗಿದವು. ಮುದಿ ಹೆಣ್ಣುಕುದುರೆಯೊಂದು ಮಾತ್ರ ತನ್ನ ಹಿಂದಿನ ಆರು ಕುದುರೆಗಳೊಡನೆ, ಉಳಿದವೆಲ್ಲ ಹೊರಹೋದ ಮೇಲಷ್ಟೇ ನೀರಿಗೆ ಬರುತ್ತಿತ್ತು. ಸಿಕ್ಕಷ್ಟನ್ನು ಹಿಡಿದು ಬಾಗಿಲು ಮುಚ್ಚಿರೆಂದು ಮೇಲಧಿಕಾರಿಗಳು ಒತ್ತಾಯಿಸಿದರು. ಡಾಕ್ಟರು ಒಪ್ಪಲಿಲ್ಲ.

"ಈಗ ಮುಚ್ಚಿದ್ರ ಉಳಿದ ಏಳು ಮತ್ತ ಈ ಕಡೆ ಹಾಯೂದಿಲ್ಲ. ಅವಕ್ಕ ಗುಂಡೇ ಗತಿ."

ಅಷ್ಟರಲ್ಲಿ ಮೋಡ ಕವಿಯಿತು. ಮಳೆಯಾದರೆ ಬೆಟ್ಟದ ತುಂಬ ನೀರು ನಿಲ್ಲುತ್ತದೆ. ಆಮೇಲೆ ಯಾವ ಕುದುರೆಯೂ ಒರತೆಗೆ ಬರುವುದಿಲ್ಲ.

"ಮಳೆ ಬಂದ್ರೆ, ಸರ್?"

"ಬಂದ್ರ ನನ್ನ ತಪ್ಪು ಅಂತ ಬರಕೋ."

ಅಕ್ಟೋಬರ್ ಇಪ್ಪತ್ತೆಂಟರ ಬೆಳಿಗ್ಗೆ ಉಳಿದವೆಲ್ಲ ಒಳಗಿರುವಾಗಲೇ ಆ ಮುದಿ ಕುದುರೆ ಬಾಗಿಲಿಗೆ ಬಂತು. ಕಾಲು ಗಂಟೆ ಕಿವಿ ನಿಮಿರಿಸಿ ನಿಂತು, ಒಳಗೆ ಕಾಲಿಟ್ಟಿತು. ಹಿಂದೆ ಆರು. ದೂರದಲ್ಲಿ ಮರೆಯಾಗಿದ್ದ ಡಾಕ್ಟರು ಬಾಗಿಲಿಗೆ ಕಟ್ಟಿದ್ದ ಹಗ್ಗ ಎಳೆದರು, ಬಾಗಿಲು ಮುಚ್ಚಿತು. ಅವರು ಅಲ್ಲೇ ನೆಲದ ಮೇಲೆ ಕುಳಿತು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. ಮರುದಿನ ಮಳೆ ಸುರಿಯಿತು.

ಗಂಡುಗಳ ಬೀಜ ಒಡೆಸಿ, ಪಳಗಿಸಿ, ಮೂವತ್ತೊಂದಕ್ಕೂ ಅವರು ಮನೆ ಹುಡುಕಿದರು. ಕಳೆದ ಏಪ್ರಿಲ್‌ನಲ್ಲಿ ಒರತೆಯ ದಡದಲ್ಲಿ ಹುಲ್ಲು ಮೊಣಕಾಲೆತ್ತರ ಬಂದಿತ್ತು. ಕಪ್ಪೆಗಳ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸಲಿಲ್ಲ.

ನಿವೃತ್ತಿಯ ನಂತರವೂ ಗುರುವಾರಗಳಂದು ಬೆಟ್ಟಕ್ಕೆ ಬರುವುದಾಗಿ ಡಾಕ್ಟರು ಒಪ್ಪಿದ್ದಾರೆ. ಅವರಿಗೂ ಈರವ್ವನವರಿಗೂ ದೀರ್ಘಾಯುಷ್ಯ, ಗಟ್ಟಿ ಮೊಣಕಾಲು ದೊರೆಯಲಿ. ನಮಗೆ ಆ ಗುರುವಾರಗಳು ಬಹುಕಾಲ ದೊರೆಯಲಿ.

— ಮೈಥಿಲಿ