ಬೀಜಕ್ಕೆ ಬಿಟ್ಟ ಸೋರೆಕಾಯಿ

ಗುಮಟಾಪುರದಲ್ಲಿ ನನ್ನ ಮನೆಗೂ ಮಹಾದೇವಿಯ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿದ್ದವರು ಇಬ್ಬರು, ಮಹಾದೇವಿ ಮತ್ತು ಅವಳ ಅತ್ತೆ ಮಂಚಮ್ಮ. ಮಹಾದೇವಿಯ ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಒಬ್ಬಳೇ ಮಗಳು ಸುಮ ಮದುವೆಯಾಗಿ ಹಾಸನೂರಿನಲ್ಲಿದ್ದಾಳೆ. ಅತ್ತೆ ಸೊಸೆ ಬೆಳಗ್ಗೆ ಎದ್ದು ಜಗಳ ಶುರು ಮಾಡಿದರೆಂದರೆ ನಾನು ಬಾಲವಾಡಿಗೆ ಪಾಠ ಹೇಳಲು ಹೊರಡುವ ಹೊತ್ತಾಯಿತೆಂದು ಅರ್ಥ. ಸಾರಿಗೆ ಉಪ್ಪು ಹೆಚ್ಚಾಯಿತು, ಕಮ್ಮಿಯಾಯಿತು, ಹಸುವಿಗೆ ಹುಲ್ಲು ಹಾಕಲಿಲ್ಲ, ಇಷ್ಟೇ ವಿಷಯ. ಮೂವತ್ತು ವರ್ಷಕ್ಕೆ ಇಷ್ಟೇ ಸಾಕಾಗಿತ್ತು ಅವರಿಗೆ.

ಮಂಚಮ್ಮನ ಹತ್ತಿರ ಒಂದು ಸೋರೆ ತಳಿ ಇತ್ತು. ಕಾಯಿಗೆ ಕೊಕ್ಕರೆಯ ಹಾಗೆ ಬಾಗಿದ ಕತ್ತು, ಹಾಗಾಗಿ ಕೊಕ್ಕರೆ ಸೋರೆ ಎನ್ನುತ್ತಿದ್ದಳು. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜವಂತೆ. ಕಾಯಿ ಬಲಿತು ಒಣಗಿದ ಮೇಲೆ ಬೀಜ ತೆಗೆದು, ಹಸಿ ಸಗಣಿಯಲ್ಲಿ ಒತ್ತಿ, ಅಡುಗೆಮನೆಯ ಹಿಂಗೋಡೆಗೆ ಬಿಲ್ಲೆ ತಟ್ಟುತ್ತಿದ್ದಳು. ಬಿಸಿಲಿಗೆ ಸಗಣಿ ಒಣಗಿದರೆ ಬೀಜಕ್ಕೆ ಹುಳ ಹಿಡಿಯುವುದಿಲ್ಲ, ತೇವವೂ ತಾಗುವುದಿಲ್ಲ. ಮಳೆ ಬಂದಾಗ ಬಿಲ್ಲೆ ಒಡೆದು ನೆಡುವುದು.

ಕೊನೆಯ ವರ್ಷ ಮುದುಕಿ ಬೇಸಿಗೆಯಲ್ಲೇ ಹಾಸಿಗೆ ಹಿಡಿದಳು. ಬೀಜ ಹಾಕು ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಸೋರೆಕಾಯಿ ತಾಳವಾಡಿ ಸಂತೆಯಲ್ಲಿ ಸಿಗುತ್ತದೆ ಎಂದು ಮಹಾದೇವಿ ಕಿವಿಗೇ ಹಾಕಿಕೊಳ್ಳಲಿಲ್ಲ. ಭಾದ್ರಪದದಲ್ಲಿ ಮುದುಕಿಗೆ ಹುಚ್ಚೆಳ್ಳು ಪುಡಿ ಉದುರಿಸಿದ ಸೋರೆ ಪಲ್ಯ ತಿನ್ನುವ ಆಸೆಯಾಯಿತು. ಸೊಸೆ ಸಂತೆಯ ಕಾಯಿ ತಂದು ಮಾಡಿದಳು. ಮುದುಕಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು.

"ನೀರ್ ತಿಂದಂಗದೆ ಕಣವ್ವ. ನಾ ಸತ್ತ್ ಮ್ಯಾಲಾದ್ರೂವೆ, ವರ್ಸದ್ ಎಡೆಗೆ ನಮ್ ಸೋರೆ ಇಕ್ಕು."

"ಆಯ್ತು ಬುಡತ್ತೆ, ಇಕ್ತಿನಿ," ಎಂದಳು ಮಹಾದೇವಿ. ಅವರಿಬ್ಬರ ನಡುವೆ ಜಗಳವಿಲ್ಲದೆ ಮುಗಿದ ಮಾತು ಬಹುಶಃ ಅದೊಂದೇ. ಮಾರನೆಯ ವಾರ ಮುದುಕಿ ಹೋದಳು.

ಮಹಾದೇವಿ ಅಳಲಿಲ್ಲ. ಊರವರು ಆಡಿಕೊಂಡರು, ಬಿಡುಗಡೆಯಾಯಿತಲ್ಲ, ಯಾಕೆ ಅಳುತ್ತಾಳೆ ಎಂದು. ನಾನು ಗೋಡೆಯ ಈಚೆಗಿದ್ದವಳು, ನನಗೆ ಗೊತ್ತು, ಅಲ್ಲಿ ಬಿಡುಗಡೆಯೂ ಇರಲಿಲ್ಲ. ಹಸು ಕರೆಯುತ್ತಿದ್ದಳು, ಮುದ್ದೆ ತೊಳಸುತ್ತಿದ್ದಳು, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದಳು. ಮಾತಾಡಿಸಿದರೆ "ಊಂ" ಎನ್ನುವಳು. ಸಾರಿನಲ್ಲಿ ಉಪ್ಪೇ ಇಲ್ಲದಿದ್ದರೂ ಉಣ್ಣುವಳು.

ದೀಪಾವಳಿ ಬಂತು. ನಮ್ಮೂರ ಸಗಣಿ ಹಬ್ಬ ಅದರ ಬೆನ್ನಿಗೇ. ಹೊರಗಿನವರು ಮೂಗು ಮುಚ್ಚಿಕೊಂಡು ಫೋಟೊ ತೆಗೆಯುತ್ತಾರೆ, ತೆಗೆಯಲಿ. ಮನೆಮನೆಯ ಸಗಣಿ ಬೀರೇಶ್ವರನ ಗುಡಿಯ ಹಿಂದೆ ಗುಡ್ಡೆ ಬೀಳುತ್ತದೆ, ಗಂಡಸರು ಅದರ ಉಂಡೆ ಎಸೆದು ಹೊಡೆದಾಡಿ ನಗುತ್ತಾರೆ, ಆಮೇಲೆ ಅದೇ ಸಗಣಿ ಹೊಲಗಳಿಗೆ ಹೋಗುತ್ತದೆ. ಆ ಸಲ ಸಗಣಿ ತುಂಬಿಕೊಳ್ಳಲು ಟ್ರ್ಯಾಕ್ಟರ್ ತಂದವನು ಚಂದ್ರು. ಒಂದೇ ಹಸುವಿನ ಮನೆ, ಒಂದೇ ಮಂಕರಿ ಸಗಣಿ. "ಇಷ್ಟೇಯಾ ಮಾದೇವಕ್ಕ?" ಎಂದು ರೇಗಿಸಿದ. ಅವಳು ಹಿತ್ತಲಿಗೆ ಹೋಗಿ, ಗೋಡೆಯ ಮೇಲಿದ್ದ ಬಿಲ್ಲೆಗಳನ್ನು ಕಿತ್ತು ತಂದು ಮಂಕರಿಯ ಮೇಲಿಟ್ಟಳು.

ಸಂಜೆ ನನ್ನ ಬಾಗಿಲಿಗೆ ಸೆಲ್ವರಾಜ್ ಬಂದ. ಕೆರೆಯ ಆಚೆ ಹೊಲ ಮಾಡುವವನು, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ ಎದ್ದಿತ್ತು.

"ಟೀಚರ್, ಒಣ್ಗಿದ್ ಸಗಣಿ ಕೊಟ್ಟೋರ್ ಯಾರ್ ಈ ಬೀದೀಲಿ? ಅಬ್ಬ ಮಾಡಕ್ ಓಗಿ ಅಣೆ ಒಡ್ಸ್ಕಂಡ್ ಬಂದಿವ್ನಿ. ನೋಡಿ, ಅದ್ರೊಳ್ಗ ಬೀಜ ಬೇರೆ!"

ಅಂಗೈಯಲ್ಲಿ ಎರಡು ಸೋರೆಬೀಜ. ಮಹಾದೇವಿಯ ಹಿತ್ತಲಿಗೆ ಓಡಿ ನೋಡಿದರೆ ಗೋಡೆಯ ಮೇಲೆ ಬಿಲ್ಲೆಗಳ ಗುರುತು ಮಾತ್ರ ಇತ್ತು. ಮಹಾದೇವಿ ಬೀಜ ನೋಡಿದಳು. "ಓ, ಅತ್ತೇವು," ಎಂದಳು, ಮತ್ತೆ ಪಾತ್ರೆ ಉಜ್ಜಲು ಕುಳಿತಳು. ಆ ಹೊತ್ತಿಗೆ ಗುಡ್ಡೆಯ ಸಗಣಿಯೆಲ್ಲ ಹತ್ತಾರು ಹೊಲ ಸೇರಿಯಾಗಿತ್ತು. ನನಗೆ ಬಂದ ಸಿಟ್ಟಿಗೆ ಅವಳ ಕೈಯ ಚೊಂಬು ಕಿತ್ತು ಎಸೆಯಬೇಕೆನಿಸಿತು.

ಆ ಎರಡು ಬೀಜವನ್ನು ಅವಳು ಮಾರನೆಯ ದಿನವೇ ಬಚ್ಚಲ ಹಿಂದೆ, ಬಿಸಿಲೇ ಬೀಳದ ಕಡೆ, ಒಡಕು ಕೊಡದಲ್ಲಿ ಮಣ್ಣು ತುಂಬಿ ಹಾಕಿದಳು. ದಿನಾ ಒಂದು ಚೊಂಬು ನೀರು ಹುಯ್ಯುವಳು. ಕಾರ್ತಿಕದ ಮಂಜು ಒಂಬತ್ತು ಗಂಟೆಯಾದರೂ ಕರಗದ ಕಾಲ ಅದು.

"ಈಗ ಬ್ಯಾಡಕ್ಕ, ಸೋರೆಗೆ ಬೆಚ್ಚಗಿರ್ಬೇಕು. ಬೀಜನೂ ಉಸ್ರಾಡ್ತದೆ, ಇಷ್ಟ್ ನೀರ್ ಹುಯ್ದ್ರೆ ಉಸ್ರು ಕಟ್ತದೆ," ಎಂದೆ.

"ನೀರುಯ್ದ್ರ ಸಾಕಲ್ವಾ?" ಎಂದಳು.

ಮೂರು ವಾರ ಕಳೆದರೂ ಏನೂ ಮೇಲೇಳಲಿಲ್ಲ. ನಾನೇ ಕೆದಕಿ ತೆಗೆದೆ. ಒತ್ತಿದರೆ ಸಿಪ್ಪೆಯೊಳಗಿಂದ ನಾರುವ ನೀರು ಬಂತು. ಅವಳು ನೋಡಿದಳು, ಕೈ ಒರೆಸಿಕೊಂಡಳು. "ಬುಡು, ಪ್ಯಾಟೆದೇ ಇಕ್ಕದು," ಎಂದಳು. ಅತ್ತವಳು ನಾನು.

ಮೇ ತಿಂಗಳಲ್ಲಿ ಮಳೆ ಬಿದ್ದು ನೆಲ ಬೆಚ್ಚಗೆ ಹಸಿಯಾಯಿತು. ಸಗಣಿ ಹೋದ ಹೊಲಗಳನ್ನೆಲ್ಲ ಸುತ್ತಲು ಶುರು ಮಾಡಿದೆ. ಬಾಲವಾಡಿ ಟೀಚರಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ಪ್ರಸಾದನ ಅರಿಸಿನದ ಹೊಲದಲ್ಲಿ ಮೂರು ಸೋರೆ ಸಸಿ ಎದ್ದಿದ್ದವು, ನಾನು ಹೋಗುವ ಮೊದಲೇ ಕಳೆನಾಶಕಕ್ಕೆ ಸಿಕ್ಕಿ ಸುರುಟಿಹೋಗಿದ್ದವು. ಮಾದಯ್ಯನ ಹುಣಸೆಮರದ ಅಡಿ ಒಂದು ಬಳ್ಳಿ ಬೆಳಕು ಹುಡುಕುತ್ತ ಉದ್ದಕ್ಕೆ, ಬಿಳಿಚಿಕೊಂಡು, ದಾರದ ಹಾಗೆ ಹೋಗಿತ್ತು. ಅದು ಹೂ ಬಿಡಲಿಲ್ಲ. ಒಂದೇ ತಳಿಯ ಬೀಜ, ಬಿದ್ದ ಜಾಗಕ್ಕೆ ತಕ್ಕ ಹಣೆಬರಹ.

ಕೊನೆಗೆ ಸಿಕ್ಕಿದ್ದು ಸೆಲ್ವರಾಜನ ಹೊಲದ ಬದುವಿನಲ್ಲಿ. ಅಲ್ಲೊಂದು ಕಲ್ಲುಗುಡ್ಡೆ, ಹಗಲೆಲ್ಲ ಬಿಸಿಲು ಕುಡಿದು ಸಂಜೆಯವರೆಗೂ ಬೆಚ್ಚಗಿರುತ್ತದೆ, ಮಳೆ ನೀರು ನಿಲ್ಲುವುದಿಲ್ಲ. ಬಳ್ಳಿ ಅದರ ಮೇಲೆಲ್ಲ ಹಬ್ಬಿತ್ತು. ಸುತ್ತ ಮುಳ್ಳು ಕಟ್ಟಿದ್ದ.

"ಅಣೆ ಒಡೆದ್ ಬೀಜ ಕಣ ಟೀಚರ್, ಸುಮ್ಕೆ ಕೀಳಕಾದ್ದಾ?" ಎಂದು ನಕ್ಕ.

ಆಗಸ್ಟ್‌ನಲ್ಲಿ ಎರಡು ಕಾಯಿ ಕಚ್ಚಿದವು, ಎರಡಕ್ಕೂ ಕೊಕ್ಕರೆ ಕತ್ತು. ಒಂದನ್ನು ಹಂದಿ ತಿಂದಿತು. ಉಳಿದದ್ದು ಒಂದು, ಎಳೆಯದು, ಪಲ್ಯಕ್ಕೆ ಹದವಾದದ್ದು. ಬಳ್ಳಿಯ ತುದಿ ಆಗಲೇ ಒಣಗುತ್ತಿತ್ತು, ಇನ್ನು ಕಾಯಿ ಬಿಡುವ ಹಾಗಿರಲಿಲ್ಲ.

ವರ್ಷದ ಎಡೆಯ ದಿನ ಬೆಳಗ್ಗೆ ಮಹಾದೇವಿಯನ್ನು ಕೈ ಹಿಡಿದು ಎಳೆದುಕೊಂಡು ಹೋದೆ. ಸೆಲ್ವರಾಜ್ ಕುಡುಗೋಲು ಹಿಡಿದು ಕಾಯುತ್ತಿದ್ದ. ಅವಳು ಕಲ್ಲುಗುಡ್ಡೆಯ ಮುಂದೆ ನಿಂತಳು, ಕಾಯಿಯನ್ನು ಬೆರಳಿಂದ ಮುಟ್ಟಿದಳು, ಉಗುರು ತಾಗಿಸಲಿಲ್ಲ. ತೊಟ್ಟಿಗೆ ಕುಡುಗೋಲು ಹೋಗುತ್ತಲೇ ಅವನ ಕೈ ಹಿಡಿದಳು.

"ಕುಯ್ಬ್ಯಾಡ ಕಣ್ಲಾ!"

ವರ್ಷದಲ್ಲಿ ಮೊದಲ ಸಲ ಆ ಗಂಟಲು ಏರಿದ್ದು ಕೇಳಿದೆ.

"ಎಡೆಗಲ್ವಾ ಅಕ್ಕ?" ಎಂದ ಸೆಲ್ವರಾಜ್.

"ಎಳೇದ್ ಕುಯ್ದ್ರ ಬೀಜ ಎಲ್ಲಿಂದ ತರದು? ಬಲೀಲಿ. ಬೀಜಕ್ಕ ಬುಡು."

"ನೀನು ಮಾತು ಕೊಟ್ಟಿದ್ದೆಯಲ್ಲಕ್ಕ," ಎಂದೆ ನಾನು.

"ಕೊಟ್ಟಿವ್ನಿ. ಅತ್ತೆ ತಾವ ಬಯ್ಸ್ಕತಿನಿ."

ಸಂತೆಯ ಕಾಯಿಯನ್ನೇ ಹೆಚ್ಚಿ, ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕಿದಳು. ಬಾಳೆಲೆಯ ತುದಿಗೆ ಪಲ್ಯ ಬಡಿಸಿ, ಫೋಟೊದ ಎದುರು ಸೊಂಟಕ್ಕೆ ಕೈ ಕೊಟ್ಟು ನಿಂತಳು, ಜಗಳಕ್ಕೆ ನಿಲ್ಲುತ್ತಿದ್ದ ಹಾಗೆಯೇ.

"ಪ್ಯಾಟೆದೇ ಕಣತ್ತೆ, ನೀರ್ನಂಗೇ ಅದೆ. ನಿನ್ ಬೀಜನ ನಾನೇ ಕಿತ್ ಕೊಟ್ಬುಟ್ಟಿ. ಒಂದ್ ಕಾಯಿ ಉಳ್ದದೆ, ಬೀಜಕ್ಕ ಬುಟ್ಟಿವ್ನಿ. ಬರೋ ವರ್ಸ ತಿನ್ನೀಯೆ. ಬಯ್ಯೋದಿದ್ರ ಈಗ್ಲೇ ಬಯ್ದುಬುಡು."

ಎಡೆ ಇಟ್ಟ ಮೇಲೆ ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ನಮ್ಮ ಕಡೆ ಪದ್ಧತಿ. ಇಬ್ಬರೂ ಜಗಲಿಯ ಮೇಲೆ ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಬಾಗಿಲಿಗೆ ಕಿವಿಯಿಟ್ಟಳು. ಹಾಗೇ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಯ್ಯಾಕಿಲ್ಲ ಕಣ ಸುದಾ," ಎಂದಳು. "ಅತ್ತೆ ಇನ್ನ ಬಯ್ಯಾಕಿಲ್ಲ."

ಬಾಗಿಲಿಗೆ ಹಣೆ ಒತ್ತಿಕೊಂಡು ಅಲ್ಲೇ ಕುಸಿದಳು. ಒಂದು ವರ್ಷದ ಅಳುವನ್ನು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನಾನು ತಡೆಯಲಿಲ್ಲ.